ಫ್ರೆಂಚ್ ವ್ಯಾಕರಣದ ಎರಡನೇ ಮೆಟ್ಟಿಲು: ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದಲೇ ಹತ್ತುವ ಬಗೆ

ವರ್ತಮಾನಕಾಲ ನಾಲಿಗೆಗೆ ಹತ್ತಿದೆ, ಸಾವಿರದಷ್ಟು ಪದ ಗೊತ್ತಿದೆ, ಸಣ್ಣಪುಟ್ಟ ಮಾತುಕತೆ ನಡೆಯುತ್ತದೆ. ಆದರೆ ನಿನ್ನೆ ಏನಾಯಿತು ಎಂದು ಐದು ವಾಕ್ಯ ಹೇಳಲು ಹೊರಟರೆ ಒಂದೊಂದು ಕ್ರಿಯಾಪದದ ಮುಂದೆಯೂ ತಡವರಿಕೆ. ಯುರೋಪಿನ ಭಾಷಾಮಟ್ಟಗಳಲ್ಲಿ ಎರಡನೆಯದಾದ ಎ2 ಮುಗಿಸಿ ಮೂರನೆಯದಾದ ಬಿ1 ಕಡೆಗೆ ಹೊರಟವರ ಸ್ಥಿತಿ ಸಾಮಾನ್ಯವಾಗಿ ಇದೇ. ಇದಕ್ಕೆ ಒಂದು ಕಾರಣ ನಾವು ಫ್ರೆಂಚ್ ಕಲಿಯುವ ದಾರಿಯಲ್ಲೇ ಇದೆ. ಪಠ್ಯಗಳು ಇಂಗ್ಲಿಷಿನಲ್ಲಿರುವುದರಿಂದ ನಿಯಮವನ್ನೂ ಇಂಗ್ಲಿಷಿನ ಮೂಲಕವೇ ಹಿಡಿಯುತ್ತೇವೆ. ಈ ಹಂತದ ಹಲವು ಕಷ್ಟಗಳಿಗೆ ಕನ್ನಡದಲ್ಲೇ ನೇರವಾದ ಉತ್ತರವಿದೆ. ಅದು ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ಬರಹದ ವಿಷಯ.

ಇಲ್ಲಿ ಫ್ರೆಂಚ್ ಪದಗಳನ್ನು ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಪ್ರತಿಯೊಂದನ್ನೂ ಫ್ರೆಂಚ್ ಕಾಗುಣಿತದಲ್ಲೇ ಬರೆದುಕೊಳ್ಳಿ. ಬರೆದರೂ ಉಚ್ಚರಿಸದ ಅಕ್ಷರಗಳು ಆ ಭಾಷೆಯಲ್ಲಿ ಬಹಳ, ಅವುಗಳಲ್ಲಿ ಅರ್ಧಕ್ಕರ್ಧ ವ್ಯಾಕರಣವೇ ಅಡಗಿದೆ.

ಮೊದಲು ಕ್ರಿಯಾಪದದ ನಾಲ್ಕು ಕೀಲಿ

ಕಾಲಗಳ ಪಟ್ಟಿಯನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ. ಪ್ರತಿ ಕ್ರಿಯಾಪದಕ್ಕೂ ನಾಲ್ಕೇ ರೂಪ ಗಟ್ಟಿ ಮಾಡಿಕೊಂಡರೆ ಸಾಕು: ವರ್ತಮಾನದಲ್ಲಿ ‘ನೂ’ (ನಾವು) ರೂಪ, ವರ್ತಮಾನದಲ್ಲಿ ‘ಇಲ್’ (ಅವರು) ರೂಪ, ಭೂತಕೃದಂತ, ಭವಿಷ್ಯತ್ತಿನಲ್ಲಿ ‘ಜ’ (ನಾನು) ರೂಪ. ಉಳಿದವು ಇವುಗಳಿಂದಲೇ ಹುಟ್ಟುತ್ತವೆ.

‘ವನೀರ್’ (ಬರು) ತೆಗೆದುಕೊಳ್ಳಿ. ನಾಲ್ಕು ಕೀಲಿ: ನೂ ವನೊಂ, ಇಲ್ ವ್ಯೆನ್, ವನ್ಯು, ಜ ವ್ಯಾಂದ್ರೇ.

‘ವನೊಂ’ನ ಕೊನೆಯ ‘ಒಂ’ ತೆಗೆದು ಹೊಸ ಪ್ರತ್ಯಯ ಹಚ್ಚಿದರೆ ಆ್ಯಂಪಾರ್ಫೆ, ಅಂದರೆ ನಡೆಯುತ್ತಿದ್ದ ಭೂತಕಾಲ: ಜ ವನೆ (ಬರುತ್ತಿದ್ದೆ). ಈ ನಿಯಮಕ್ಕೆ ಇರುವ ಅಪವಾದ ಒಂದೇ, ‘ಎತ್ರ್’ (ಇರು). ಅದು ‘ಜೇತೆ’ ಆಗುತ್ತದೆ. ‘ವ್ಯೆನ್’ ಎಂಬುದರಿಂದ ಸ್ಯುಬ್ಜೊಂಕ್ತಿಫ್, ಅಂದರೆ ‘ಬೇಕು’, ‘ಬಯಸು’ ಮುಂತಾದವುಗಳ ನಂತರ ಬರುವ ರೂಪ: ಕ ಜ ವ್ಯೆನ್. ‘ವನ್ಯು’ವಿನಿಂದ ಪಾಸೇ ಕೊಂಪೋಜೇ, ಅಂದರೆ ಮುಗಿದ ಭೂತಕಾಲ: ಜ ಸ್ವಿ ವನ್ಯು (ಬಂದೆ). ‘ವ್ಯಾಂದ್ರೇ’ಯ ಕೊನೆಗೆ ಆ್ಯಂಪಾರ್ಫೆಯ ಪ್ರತ್ಯಯ ಬಂದರೆ ಕೊಂದಿಸ್ಯೊನೆಲ್, ಅಂದರೆ ‘ಹೀಗಿದ್ದರೆ ಬರುತ್ತಿದ್ದೆ’ ಎನ್ನುವ ರೂಪ: ಜ ವ್ಯಾಂದ್ರೆ. ಭವಿಷ್ಯತ್ತಿನದು ದೀರ್ಘ ಏಕಾರದಂತೆ, ಕೊಂದಿಸ್ಯೊನೆಲ್‌ನದು ಬಾಯಿ ತುಸು ಅಗಲಿಸಿದ ಎಕಾರದಂತೆ ಕೇಳುತ್ತದೆ. ಫ್ರಾನ್ಸಿನವರಲ್ಲೇ ಅನೇಕರು ಎರಡನ್ನೂ ಒಂದೇ ರೀತಿ ಉಚ್ಚರಿಸುವುದುಂಟು, ಹಾಗಾಗಿ ಬರೆಯುವಾಗ ಕೊಂದಿಸ್ಯೊನೆಲ್‌ನ ಕೊನೆಯ ‘ಎಸ್’ ಅಕ್ಷರ ಬಿಟ್ಟುಹೋಗದಂತೆ ನೋಡಿಕೊಳ್ಳಿ.

24 ಕ್ರಿಯಾಪದ ಆರಿಸಿ, ದಿನಕ್ಕೆ ಮೂರರಂತೆ ಈ ನಾಲ್ಕು ಕೀಲಿಗಳನ್ನು ಗಟ್ಟಿಯಾಗಿ ಹೇಳಿ ಬರೆಯಿರಿ. ಎಂಟು ದಿನದಲ್ಲಿ ಮುಗಿಯುತ್ತದೆ. ಇರು, ಹೊಂದಿರು, ಹೋಗು, ಬರು, ಮಾಡು, ಹೇಳು, ನೋಡು, ತೆಗೆದುಕೊ, ಇಡು, ಬಲ್ಲೆ, ಬಯಸು, ಆಗುತ್ತದೆ, ಬೇಕು, ಹೊರಡು, ಕುಡಿ, ಓದು, ಬರೆ, ಕೊಡು, ಪಡೆ, ನಂಬು, ತಿಳಿ, ಕಾಯು, ಮುಗಿಸು, ಮಾತಾಡು. ನಿತ್ಯದ ಮಾತಿನ ಬಹುಪಾಲು ಇವುಗಳ ಮೇಲೆಯೇ ನಿಂತಿದೆ.

‘ಇತ್ತು’ ಮತ್ತು ‘ಆಯಿತು’

ಈ ಹಂತದಲ್ಲಿ ಅತಿ ಹೆಚ್ಚು ಅಂಕ, ಅತಿ ಹೆಚ್ಚು ಧೈರ್ಯ ಕಳೆಯುವುದು ಎರಡು ಭೂತಕಾಲಗಳ ನಡುವಿನ ಆಯ್ಕೆ. ಪಾಸೇ ಕೊಂಪೋಜೇ ಎಲ್ಲಿ, ಆ್ಯಂಪಾರ್ಫೆ ಎಲ್ಲಿ? ಇಂಗ್ಲಿಷಿನ ಸರಳ ಭೂತಕಾಲ ಎರಡಕ್ಕೂ ಸಲ್ಲುತ್ತದೆ, ಆದ್ದರಿಂದ ಅಲ್ಲಿಂದ ಹೊರಟರೆ ಪ್ರತಿ ಸಲವೂ ಊಹೆ ಮಾಡಬೇಕಾಗುತ್ತದೆ. ಕನ್ನಡ ಹಾಗಲ್ಲ.

‘ಹೋಗುತ್ತಿದ್ದೆ’ ಎಂಬ ಒಂದೇ ರೂಪ ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. ‘ಆಗ ಹೋಗುತ್ತಿದ್ದೆ, ಅಷ್ಟರಲ್ಲಿ ಅವನು ಕರೆದ’ ಎಂದರೆ ನಡೆಯುತ್ತಿದ್ದ ಕ್ರಿಯೆ. ‘ಚಿಕ್ಕವನಿದ್ದಾಗ ದಿನಾ ಹೋಗುತ್ತಿದ್ದೆ’ ಎಂದರೆ ರೂಢಿ. ಆ್ಯಂಪಾರ್ಫೆ ಮಾಡುವುದೂ ಇದೇ ಎರಡು ಕೆಲಸ. ‘-ತ್ತಿದ್ದ’ ಕಂಡಲ್ಲಿ ಆ್ಯಂಪಾರ್ಫೆ ಎಂದುಕೊಂಡು ಶುರು ಮಾಡಿದರೆ ಬಹುತೇಕ ಸರಿಯೇ ಆಗುತ್ತದೆ.

ಇನ್ನೂ ಚೆಂದದ್ದು ಸ್ಥಿತಿ ಹೇಳುವ ಮಾತುಗಳಲ್ಲಿದೆ. ‘ಗೊತ್ತಿತ್ತು’ ಎಂದರೆ ‘ಜ ಸಾವೆ’, ‘ಗೊತ್ತಾಯಿತು’ ಎಂದರೆ ‘ಜೇ ಸ್ಯು’. ‘ಭಯವಿತ್ತು’ ಎಂದರೆ ‘ಜಾವೆ ಪರ್’, ‘ಭಯವಾಯಿತು’ ಎಂದರೆ ‘ಜೇ ಯು ಪರ್’. ಇಂಗ್ಲಿಷ್ ಪಾಠದಲ್ಲಿ ಅರ್ಧ ಪುಟ ವಿವರಣೆ ಬೇಡುವ ಈ ವ್ಯತ್ಯಾಸ ನಮಗೆ ಎರಡೇ ಪದಗಳಲ್ಲಿ ಮುಗಿಯುತ್ತದೆ: ಇತ್ತು ಎಂದಾದರೆ ಆ್ಯಂಪಾರ್ಫೆ, ಆಯಿತು ಎಂದಾದರೆ ಪಾಸೇ ಕೊಂಪೋಜೇ.

ಈ ಪರೀಕ್ಷೆ ಮೂರು ಕಡೆ ಕೈಕೊಡುತ್ತದೆ. ಆ ಮೂರನ್ನೂ ಬರೆದಿಟ್ಟುಕೊಳ್ಳಿ.

ಒಂದು, ಮೊದಲೂ ಕೊನೆಯೂ ಇರುವ ಅವಧಿ. ‘ಅವರು ಹತ್ತು ವರ್ಷ ಅಲ್ಲಿ ಇದ್ದರು’ ಎಂಬಲ್ಲಿ ‘ಇದ್ದರು’ ಎಂದಿದೆಯಲ್ಲ ಎಂದು ಆ್ಯಂಪಾರ್ಫೆ ಹಾಕಿದರೆ ತಪ್ಪು. ಹತ್ತು ವರ್ಷ ಎಂದು ಗಡಿ ಹಾಕಿ ಮುಗಿಸಿದ ಮೇಲೆ ಫ್ರೆಂಚಿಗೆ ಅದು ಒಂದು ಪೂರ್ಣ ಘಟನೆ: ‘ಇಲ್ ಝೋಂ ಆಬಿತೇ ಲಾ ಪಾಂದಾಂ ದೀ ಝಾಂ’. ‘ನಿನ್ನೆ ಇಡೀ ದಿನ ಓದುತ್ತಿದ್ದೆ’ ಎಂಬುದಕ್ಕೂ ಹಾಗೆಯೇ ‘ಜೇ ಲ್ಯು’ ಬರುತ್ತದೆ.

ಎರಡು, ನಾವು ಸಲೀಸಾಗಿ ಬಳಸುವ ‘ಹೋಗಿದ್ದೆ’. ‘ನಿನ್ನೆ ಸಿನಿಮಾಗೆ ಹೋಗಿದ್ದೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿ ಅದಕ್ಕಿಂತ ಮುಂಚಿನದು, ಆಮೇಲಿನದು ಎಂಬ ಲೆಕ್ಕ ಇರುವುದಿಲ್ಲ. ಫ್ರೆಂಚಿನಲ್ಲಿ ಅದು ಬರೀ ಪಾಸೇ ಕೊಂಪೋಜೇ, ‘ಜ ಸ್ವಿ ಝಾಲೇ’. ಇನ್ನೊಂದು ಭೂತಘಟನೆಗಿಂತ ಮೊದಲೇ ಮುಗಿದದ್ದಾದರೆ ಮಾತ್ರ ಪ್ಲ್ಯು ಕ ಪಾರ್ಫೆ ಬರಬೇಕು: ‘ಅವಳು ಬರುವ ಹೊತ್ತಿಗೆ ನಾನು ಹೋಗಿದ್ದೆ’ ಎಂಬಲ್ಲಿ ‘ಜೇತೆ ಪಾರ್ತಿ’.

ಮೂರು, ‘ಬಾಗಿಲು ತೆರೆದಿತ್ತು’ ಎಂಬಂಥವು. ರೂಪ ನೋಡಿದರೆ ಪ್ಲ್ಯು ಕ ಪಾರ್ಫೆಯಂತೆ ಕಾಣುತ್ತದೆ, ಅರ್ಥ ಮಾತ್ರ ಸ್ಥಿತಿಯದು. ಯಾರು ತೆರೆದರು ಎಂಬ ಪ್ರಶ್ನೆ ಅಲ್ಲಿ ಏಳದಿದ್ದರೆ ಅದು ಆ್ಯಂಪಾರ್ಫೆಯೇ.

ಒಂದು ಸಣ್ಣ ಕತೆಯ ಮೇಲೆ ಪ್ರಯೋಗಿಸಿ ನೋಡಿ. ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಯಾರೋ ಮಾತಾಡುತ್ತಿದ್ದರು. ಭಯವಾಯಿತು. ತಂಗಿಗೆ ಫೋನ್ ಮಾಡಿದೆ. ಅವಳು ರೇಡಿಯೊ ಆರಿಸುವುದನ್ನು ಮರೆತಿದ್ದಳು.

‘ಜ ಸ್ವಿ ರಾಂತ್ರೇ. ಲಾ ಪೋರ್ತ್ ಎತೆ ಊವೆರ್ತ್. ಕೆಲ್ಕಂ ಪಾರ್ಲೆ. ಜೇ ಯು ಪರ್. ಜೇ ತೆಲೆಫೊನೇ ಆ ಮಾ ಸರ್. ಎಲ್ ಅವೆ ಊಬ್ಲಿಯೇ ದೆತ್ಯಾಂದ್ರ್ ಲಾ ರಾದ್ಯೊ.’

ಆರು ವಾಕ್ಯಗಳಲ್ಲಿ ಮೂರೂ ಕಾಲ ಬಂದಿವೆ: ಕತೆಯನ್ನು ಮುಂದಕ್ಕೆ ತಳ್ಳುವ ಮೂರು ಪಾಸೇ ಕೊಂಪೋಜೇ, ಹಿನ್ನೆಲೆ ಹೇಳುವ ಎರಡು ಆ್ಯಂಪಾರ್ಫೆ, ಅದಕ್ಕೂ ಮೊದಲಿನ ಒಂದು ಪ್ಲ್ಯು ಕ ಪಾರ್ಫೆ. ಇಂಥ ಆರು ವಾಕ್ಯದ ಕತೆಯನ್ನು ಮೊದಲು ಕನ್ನಡದಲ್ಲಿ ಬರೆದು, ಪ್ರತಿ ಕ್ರಿಯಾಪದದ ಮೇಲೆ ಇತ್ತು, ಆಯಿತು, ಮುಂಚೆ ಎಂದು ಗುರುತು ಹಾಕಿ, ಆಮೇಲೆ ಫ್ರೆಂಚಿಗೆ ಹೋಗಿ. ದಿನಕ್ಕೊಂದರಂತೆ ಹದಿನೈದು ಕತೆ ಬರೆದರೆ ಗುರುತು ಹಾಕದೆಯೂ ಕೈ ಸರಿಯಾದ ಕಡೆ ಹೋಗತೊಡಗುತ್ತದೆ.

ಎತ್ರ್ ಯಾವಾಗ, ಅವ್ವಾರ್ ಯಾವಾಗ

ಪಾಸೇ ಕೊಂಪೋಜೇಗೆ ಸಹಾಯಕ ಕ್ರಿಯಾಪದ ಹೆಚ್ಚಾಗಿ ‘ಅವ್ವಾರ್’ (ಹೊಂದಿರು). ಹೋಗು, ಬರು, ತಲುಪು, ಹೊರಡು, ಒಳಬರು, ಹೊರಹೋಗು, ಹತ್ತು, ಇಳಿ, ಹುಟ್ಟು, ಸಾಯು, ಉಳಿ, ಬೀಳು, ಮರಳು ಮುಂತಾದ ಸುಮಾರು ಹದಿನೈದಕ್ಕೂ, ‘ಸ’ ಸೇರಿದ ಎಲ್ಲ ಆತ್ಮಾರ್ಥಕ ಕ್ರಿಯಾಪದಗಳಿಗೂ ‘ಎತ್ರ್’. ಚಲನೆ ಇದ್ದರೆ ಎತ್ರ್ ಎಂದು ನಿಯಮ ಕಟ್ಟಿಕೊಳ್ಳಬೇಡಿ. ನಡೆ, ಓಡು, ಪ್ರಯಾಣ ಮಾಡು ಇವೆಲ್ಲಕ್ಕೂ ಬರುವುದು ಅವ್ವಾರ್: ಜೇ ಮಾರ್ಶೇ.

ಎತ್ರ್ ಪಟ್ಟಿಯ ಆರು ಕ್ರಿಯಾಪದಗಳು ಕರ್ಮ ಸಿಕ್ಕಿದೊಡನೆ ಅವ್ವಾರ್ ಕಡೆಗೆ ಹಾರುತ್ತವೆ: ಮೊಂತೇ (ಹತ್ತು), ದೆಸಾಂದ್ರ್ (ಇಳಿ), ಸೊರ್ತೀರ್ (ಹೊರಹೋಗು), ರಾಂತ್ರೇ (ಮನೆಗೆ ಬರು), ರತೂರ್ನೇ (ಮರಳು), ಪಾಸೇ (ಹಾದುಹೋಗು). ಕನ್ನಡದ ‘-ಇಸು’ ಇಲ್ಲಿ ದಾರಿ ತೋರಿಸುತ್ತದೆ. ‘ಇಳಿದೆ’ ಎಂದರೆ ‘ಜ ಸ್ವಿ ದೆಸಾಂದ್ಯು’, ‘ಪೆಟ್ಟಿಗೆ ಇಳಿಸಿದೆ’ ಎಂದರೆ ‘ಜೇ ದೆಸಾಂದ್ಯು ಲಾ ವಾಲೀಜ್’. ಒಂದೇ ಎಚ್ಚರಿಕೆ: ‘ಮೆಟ್ಟಿಲು ಇಳಿದೆ’ ಎಂಬಲ್ಲಿ ‘-ಇಸು’ ಇಲ್ಲದಿದ್ದರೂ ಫ್ರೆಂಚಿಗೆ ಮೆಟ್ಟಿಲು ಕರ್ಮವೇ. ‘ಜೇ ದೆಸಾಂದ್ಯು ಲೆಸ್ಕಾಲ್ಯೇ’ ಎನ್ನಬೇಕು.

ಎತ್ರ್ ಬಂದಾಗ ಕೃದಂತ ಸಾಮಾನ್ಯವಾಗಿ ಕರ್ತೃವಿನ ಲಿಂಗ, ವಚನಕ್ಕೆ ಹೊಂದಿಕೊಳ್ಳುತ್ತದೆ. ಹೆಣ್ಣಿಗೆ ಒಂದು ‘ಇ’ ಅಕ್ಷರ, ಬಹುವಚನಕ್ಕೆ ಒಂದು ‘ಎಸ್’. ಬಹಳಷ್ಟು ಕಡೆ ಇದು ಕಿವಿಗೆ ಬೀಳುವುದಿಲ್ಲ, ಅದಕ್ಕೇ ಬರವಣಿಗೆಯಲ್ಲಿ ಮರೆತುಹೋಗುತ್ತದೆ. ಅವ್ವಾರ್ ಬಂದಾಗ ಕರ್ತೃವಿಗೆ ಹೊಂದಿಕೆ ಇಲ್ಲ. ನೇರ ಕರ್ಮ ಕ್ರಿಯಾಪದಕ್ಕಿಂತ ಮೊದಲೇ ಬಂದರೆ ಮಾತ್ರ ಆ ಕರ್ಮಕ್ಕೆ ಹೊಂದುತ್ತದೆ. ‘ಲಾ ಲೆತ್ರ್ ಕ ಜೇ ಎಕ್ರೀತ್’ (ನಾನು ಬರೆದ ಪತ್ರ) ಎಂಬಲ್ಲಿ ಕೊನೆಯ ‘ತ್’ ಕೇಳಿಸುವುದು ಈ ಕಾರಣಕ್ಕೆ.

‘-ಗೆ’ ಮತ್ತು ‘-ಅನ್ನು’: ಸರ್ವನಾಮಗಳ ಜಾಗ

ನೇರ ಕರ್ಮಕ್ಕೆ ಲ, ಲಾ, ಲೇ. ಫ್ರೆಂಚಿನ ‘ಆ’ (ನಮ್ಮ ‘-ಗೆ’ಯಂಥದ್ದು) ಬೇಡುವ ವ್ಯಕ್ತಿಗೆ ಲ್ವಿ, ಲರ್. ನಮ್ಮ ದ್ವಿತೀಯಾ, ಚತುರ್ಥಿಗಳಿಗೆ ಇವು ಸಾಮಾನ್ಯವಾಗಿ ಸರಿಹೊಂದುತ್ತವೆ: ಅವನನ್ನು ನೋಡಿದೆ, ‘ಜ ಲೇ ವ್ಯು’, ಅವನಿಗೆ ಫೋನ್ ಮಾಡಿದೆ, ‘ಜ ಲ್ವಿ ಏ ತೆಲೆಫೊನೇ’. ಹೊಂದದ ಕ್ರಿಯಾಪದಗಳು ಹೆಚ್ಚಿಲ್ಲ, ಅವನ್ನೇ ಬೇರೆ ಪಟ್ಟಿ ಮಾಡಿ ಕಲಿಯಬೇಕು.

ನಮ್ಮಲ್ಲಿ ‘-ಗೆ’, ಅಲ್ಲಿ ನೇರ ಕರ್ಮ: ಅವಳಿಗೆ ಸಹಾಯ ಮಾಡುತ್ತೇನೆ, ‘ಜ ಲೆದ್’. ಅವಳಿಗೆ ಧನ್ಯವಾದ ಹೇಳುತ್ತೇನೆ, ‘ಜ ಲಾ ರಮೆರ್ಸೀ’. ಅವನಿಗಾಗಿ ಕಾಯುತ್ತೇನೆ, ‘ಜ ಲಾತಾಂ’. ನಮ್ಮಲ್ಲಿ ‘-ಅನ್ನು’, ಅಲ್ಲಿ ‘ಲ್ವಿ’: ಅವನನ್ನು ಕೇಳಿದೆ, ‘ಜ ಲ್ವಿ ಏ ದಮಾಂದೇ’. ಅವಳು ತಾಯಿಯನ್ನು ಹೋಲುತ್ತಾಳೆ, ‘ಎಲ್ ಲ್ವಿ ರಸಾಂಬ್ಲ್’. ಹೊಸ ಕ್ರಿಯಾಪದ ಕಲಿತಾಗಲೆಲ್ಲ ಅದರ ಪಕ್ಕದಲ್ಲಿ ‘ಕೆಲ್ಕಂ’ (ಯಾರನ್ನೋ) ಅಥವಾ ‘ಆ ಕೆಲ್ಕಂ’ (ಯಾರಿಗೋ) ಎಂದು ಬರೆದುಕೊಂಡರೆ ಮುಂದೆ ತೊಂದರೆ ಇಲ್ಲ.

ಚತುರ್ಥಿಯ ಅಭ್ಯಾಸ ನಮಗೆ ದೊಡ್ಡ ಲಾಭ ಕೊಡುವ ಜಾಗ ಒಂದಿದೆ. ‘ತ್ಯು ಮ ಮಾಂಕ್’ ಎಂದರೆ ‘ನಿನ್ನ ನೆನಪು ಕಾಡುತ್ತಿದೆ’ ಎಂದು. ಅಲ್ಲಿ ಕರ್ತೃ ‘ನೀನು’, ಕೊರತೆ ಅನುಭವಿಸುವುದು ‘ನನಗೆ’. ಇಂಗ್ಲಿಷಿನಿಂದ ಬಂದವರು ಇದನ್ನು ಸದಾ ತಿರುವುಮುರುವು ಮಾಡುತ್ತಾರೆ. ‘ನನಗೆ ಹಿಡಿಸಿತು’, ‘ನನಗೆ ಬೇಕು’ ಎಂದು ದಿನವೂ ಮಾತಾಡುವ ನಮಗೆ ಇದು ವಿಚಿತ್ರವೇ ಅಲ್ಲ.

ಇನ್ನು ‘ಆಂ’. ‘ಎಷ್ಟು ಪುಸ್ತಕ ಇವೆ?’ ‘ಮೂರು ಇವೆ.’ ಕನ್ನಡದಲ್ಲಿ ಸರ್ವನಾಮದ ಅಗತ್ಯವೇ ಇಲ್ಲ, ಅದಕ್ಕೇ ‘ಜೇ ತ್ರ್ವಾ’ ಎಂದುಬಿಡುತ್ತೇವೆ. ಅದು ತಪ್ಪು. ‘ಜಾಂ ನೇ ತ್ರ್ವಾ’ ಎನ್ನಬೇಕು. ಸಂಖ್ಯೆಯಾಗಲಿ ಪ್ರಮಾಣವಾಗಲಿ ನಾಮಪದ ಬಿಟ್ಟು ಒಂಟಿಯಾಗಿ ನಿಂತರೆ ಮುಂದೊಂದು ‘ಆಂ’ ಇರಲೇಬೇಕು. ‘ಆ’ ಜೊತೆ ಬರುವ ಸ್ಥಳ ಅಥವಾ ವಸ್ತುವಿನ ಬದಲಿಗೆ ‘ಇ’: ಜೀ ವೇ (ಅಲ್ಲಿಗೆ ಹೋಗುತ್ತಿದ್ದೇನೆ).

ಸರ್ವನಾಮದ ಸ್ಥಾನ: ಸಹಾಯಕ ಕ್ರಿಯಾಪದದ ಮುಂದೆ (ಜ ನ ಲೇ ಪಾ ವ್ಯು), ಎರಡು ಕ್ರಿಯಾಪದ ಇದ್ದರೆ ಎರಡನೆಯದರ ಮುಂದೆ (ಜ ವೇ ಲ ವ್ವಾರ್). ಎರಡು ಸರ್ವನಾಮ ಬಂದರೆ ಕ್ರಮ ಹೀಗೆ: ಮೊದಲು ಮ, ತ, ಸ, ನೂ, ವೂ, ಆಮೇಲೆ ಲ, ಲಾ, ಲೇ, ಆಮೇಲೆ ಲ್ವಿ, ಲರ್, ಆಮೇಲೆ ಇ, ಕೊನೆಗೆ ಆಂ. ಈ ಸಾಲನ್ನು ಮಗ್ಗಿಯಂತೆ ಹೇಳಿಕೊಳ್ಳಿ.

ಕಾಲಾವಧಿ ಹೇಳುವ ಮಾತುಗಳು

ಇದು ಬೇಗ ಮುಗಿಯುತ್ತದೆ. ‘ಮೂರು ವರ್ಷದಿಂದ ಇಲ್ಲಿ ಇದ್ದೇನೆ’ ಎಂದು ನಾವು ವರ್ತಮಾನದಲ್ಲೇ ಹೇಳುವಂತೆ ಫ್ರೆಂಚೂ ಹೇಳುತ್ತದೆ: ‘ಜಾಬೀತ್ ಇಸೀ ದಪ್ವಿ ತ್ರ್ವಾ ಝಾಂ’. ‘ಎರಡು ತಿಂಗಳಿಂದ ಅವನನ್ನು ನೋಡಿಲ್ಲ’ ಎಂಬ ನಿಷೇಧದಲ್ಲಿ ಮಾತ್ರ ಪಾಸೇ ಕೊಂಪೋಜೇ. ‘ವರ್ಷದ ಹಿಂದೆ’ ಎಂಬುದಕ್ಕೆ ‘ಇಲಿಯಾ’. ‘ಮೂರು ದಿನದಲ್ಲಿ’ ಎಂಬ ನಮ್ಮ ಮಾತು ಮಾತ್ರ ಮೋಸ ಮಾಡುತ್ತದೆ: ಮೂರು ದಿನ ಹಿಡಿಯಿತು ಎಂಬ ಅರ್ಥವಾದರೆ ‘ಆಂ ತ್ರ್ವಾ ಜೂರ್’, ಮೂರು ದಿನ ಬಿಟ್ಟು ಎಂಬ ಅರ್ಥವಾದರೆ ‘ದಾಂ ತ್ರ್ವಾ ಜೂರ್’. ‘ಅವನು ಬಂದಾಗ ಹೇಳುತ್ತೇನೆ’ ಎಂದು ಮುಂದಿನ ಮಾತಾಡುವಾಗ ಫ್ರೆಂಚಿನಲ್ಲಿ ಎರಡೂ ಕಡೆ ಭವಿಷ್ಯತ್ತು ಬೇಕು: ‘ಕಾಂ ತಿಲ್ ವ್ಯಾಂದ್ರಾ, ಜ ಲ್ವಿ ದೀರೇ’.

ಬೇಕು, ಇದ್ದರೆ

‘ಇಲ್ ಫೋ’ ಎಂಬುದು ಹೆಚ್ಚುಕಡಿಮೆ ನಮ್ಮ ‘ಬೇಕು’. ಎರಡೂ ಯಾವ ಪುರುಷಕ್ಕೂ ಬದಲಾಗುವುದಿಲ್ಲ. ‘ನನಗೆ ಸಮಯ ಬೇಕು’ ಎಂದರೆ ‘ಇಲ್ ಮ ಫೋ ದ್ಯು ತಾಂ’, ‘ನಾನು ಹೊರಡಬೇಕು’ ಎಂದರೆ ‘ಇಲ್ ಫೋ ಕ ಜ ಪಾರ್ತ್’. ಈ ಎರಡನೆಯ ವಾಕ್ಯದಿಂದಲೇ ಸ್ಯುಬ್ಜೊಂಕ್ತಿಫ್ ಶುರು ಮಾಡಿ. ‘ಇಲ್ ಫೋ ಕ’, ‘ಜ ವ ಕ’ (ಬಯಸುತ್ತೇನೆ), ‘ಪೂರ್ ಕ’ (ಆಗಲೆಂದು), ‘ಅವಾಂ ಕ’ (ಮೊದಲು), ‘ಬ್ಯಾಂ ಕ’ (ಆದರೂ) ಎಂಬ ಐದರ ನಂತರ ಬಳಸಲು ಬಂದರೆ ಈ ಹಂತಕ್ಕೆ ಧಾರಾಳವಾಯಿತು. ನಾಲ್ಕು ಕೀಲಿಗೆ ಬಗ್ಗದ ಏಳನ್ನು ಬಾಯಿಪಾಠ ಮಾಡಲೇಬೇಕು: ಇರು, ಹೊಂದಿರು, ಹೋಗು, ಮಾಡು, ಆಗುತ್ತದೆ, ಬಲ್ಲೆ, ಬಯಸು. ‘ನಾನು’ ರೂಪದಲ್ಲಿ ಇವು ಸ್ವಾ, ಏ, ಆಯ್, ಫಾಸ್, ಪ್ವಿಸ್, ಸಾಶ್, ವಯ್.

ಎರಡು ತಪ್ಪು ಪದೇ ಪದೇ ಕಾಣುತ್ತವೆ. ಬಯಸುವವನೂ ಮಾಡುವವನೂ ಒಬ್ಬನೇ ಆದರೆ ‘ಕ’ ಬೇಡ, ‘ಜ ವ ಪಾರ್ತೀರ್’ ಎಂದರೆ ಮುಗಿಯಿತು. ‘ಜೆಸ್ಪೆರ್ ಕ’ (ಆಶಿಸುತ್ತೇನೆ) ಮತ್ತು ನಿಷೇಧವಿಲ್ಲದ ‘ಜ ಪಾಂಸ್ ಕ’ (ಅಂದುಕೊಳ್ಳುತ್ತೇನೆ) ನಂತರ ಸ್ಯುಬ್ಜೊಂಕ್ತಿಫ್ ಬರುವುದಿಲ್ಲ.

‘ಹಣ ಇದ್ದಿದ್ದರೆ ಕೊಳ್ಳುತ್ತಿದ್ದೆ’ ಎಂಬ ಮಾತನ್ನು ಗಮನಿಸಿ. ಇಲ್ಲಿನ ‘-ತ್ತಿದ್ದೆ’ ರೂಢಿಯಲ್ಲ, ನಡೆಯದ ಸಂಗತಿ. ಹಿಂದೆ ಹೇಳಿದ ‘-ತ್ತಿದ್ದ’ ನಿಯಮ ಇಲ್ಲಿ ಕೆಲಸ ಮಾಡದು. ಫ್ರೆಂಚಿನಲ್ಲಿ ಇದಕ್ಕೆ ಕೊಂದಿಸ್ಯೊನೆಲ್: ‘ಸಿ ಜಾವೆ ದ ಲಾರ್ಜಾಂ, ಜಾಶೆತ್ರೆ’. ಆದರೆ ಅದರ ಪ್ರತ್ಯಯ ಆ್ಯಂಪಾರ್ಫೆಯದೇ ಎಂಬುದನ್ನು ನೆನೆದರೆ ಎರಡೂ ಭಾಷೆಗಳು ಒಂದೇ ದಾರಿ ಹಿಡಿದಿರುವುದು ಕಾಣುತ್ತದೆ. ‘ಸಿ’ಯ ಬೆನ್ನಿಗೇ ಕೊಂದಿಸ್ಯೊನೆಲ್ ಹಾಕಿ ‘ಸಿ ಜೋರೆ’ ಎನ್ನುವುದು ತಪ್ಪು. ‘ಸಿ’ ಇರುವ ಕಡೆ ಆ್ಯಂಪಾರ್ಫೆ, ಇನ್ನೊಂದು ಕಡೆ ಕೊಂದಿಸ್ಯೊನೆಲ್. ನಿಜವಾಗಿ ಆಗಬಹುದಾದದ್ದಾದರೆ ‘ಸಿ’ ಕಡೆ ವರ್ತಮಾನ, ಇನ್ನೊಂದು ಕಡೆ ಭವಿಷ್ಯತ್ತು.

ಕನ್ನಡ ನೆರವಾಗದ ಜಾಗ

ಆರ್ಟಿಕಲ್ ನಮ್ಮಲ್ಲಿ ಇಲ್ಲ, ಆದ್ದರಿಂದ ಇಲ್ಲಿ ನಿಯಮವನ್ನೇ ನಂಬಬೇಕು. ಇಷ್ಟ, ದ್ವೇಷ ಹೇಳುವಾಗ ಲ, ಲಾ, ಲೇ: ಜೆಮ್ ಲಾ ಮ್ಯುಜೀಕ್. ಎಣಿಸಲಾಗದ ವಸ್ತುವಿನ ಒಂದಷ್ಟು ಭಾಗಕ್ಕೆ ದ್ಯು, ದ ಲಾ, ದ ಲ್: ಜೇ ಬ್ಯು ದ ಲೋ (ನೀರು ಕುಡಿದೆ). ನಿಷೇಧ ಬಂದರೆ ಇದು ಬರೀ ‘ದ’ ಆಗುತ್ತದೆ: ಜ ನೇ ಪಾ ಬ್ಯು ದೋ. ಪ್ರಮಾಣದ ಪದದ ನಂತರವೂ ಬರೀ ‘ದ’: ಬೋಕೂ ದೋ. ಇಷ್ಟದ ವಾಕ್ಯ ನಿಷೇಧವಾದರೂ ‘ಲಾ’ ಹಾಗೇ ಉಳಿಯುತ್ತದೆ. ನಾಮಪದವನ್ನು ಎಂದೂ ಒಂಟಿಯಾಗಿ ಬರೆದುಕೊಳ್ಳಬೇಡಿ, ‘ಅಂ’ ಅಥವಾ ‘ಯೂನ್’ ಹಚ್ಚಿಯೇ ಬರೆಯಿರಿ. ಲಿಂಗ ಆಮೇಲೆ ಕಲಿಯೋಣ ಎಂದು ಬಿಟ್ಟರೆ ಒಂದೊಂದು ಪದವನ್ನೂ ಎರಡು ಸಲ ಕಲಿಯಬೇಕಾಗುತ್ತದೆ.

ಎಂಟು ವಾರದ ಲೆಕ್ಕ

ವಾರಕ್ಕೆ ಐದು ದಿನ, ದಿನಕ್ಕೆ 35 ನಿಮಿಷ. ಮೊದಲ ಹತ್ತು ನಿಮಿಷ ಹಳೆಯ ತಪ್ಪುಗಳು, ಮುಂದಿನ 15 ಹೊಸ ವಿಷಯ, ಕೊನೆಯ ಹತ್ತು ಅದನ್ನು ಬಾಯಿಬಿಟ್ಟು ಹೇಳುವುದು. ಮೊದಲೆರಡು ವಾರ ಕೀಲಿಗಳು, ಮೂರರಿಂದ ಐದರವರೆಗೆ ಭೂತಕಾಲ ಮತ್ತು ಸಹಾಯಕ ಕ್ರಿಯಾಪದ, ಆರನೆಯದು ಸರ್ವನಾಮ, ಏಳನೆಯದು ‘ಇಲ್ ಫೋ’ ಮತ್ತು ‘ಸಿ’, ಎಂಟನೆಯದು ಬರವಣಿಗೆ. ಭೂತಕಾಲಕ್ಕೆ ಮೂರು ವಾರ ಹೆಚ್ಚಾಯಿತು ಅನ್ನಿಸಬಹುದು; ಕಡಿಮೆ ಮಾಡಬೇಡಿ.

ತಪ್ಪುಗಳಿಗೆ ಬೇರೆ ನೋಟ್‌ಬುಕ್ ಇಡಿ. ಎಡಗಡೆ ಕನ್ನಡ ವಾಕ್ಯ, ನಡುವೆ ತಪ್ಪಿಗೆ ಕಾರಣ ನಾಲ್ಕೇ ಪದದಲ್ಲಿ, ಬಲಗಡೆ ಸರಿಯಾದ ಫ್ರೆಂಚ್. ತಪ್ಪು ರೂಪವನ್ನು ಬರೆದಿಡಬೇಡಿ, ಕಣ್ಣು ಅದನ್ನೇ ನೆನಪಿಡುತ್ತದೆ. ಎರಡು ದಿನ ಬಿಟ್ಟು ಬಲಗಡೆ ಮುಚ್ಚಿ ಮತ್ತೆ ಬರೆಯಿರಿ, ಒಂದು ವಾರದ ಮೇಲೆ ಇನ್ನೊಮ್ಮೆ.

ಫ್ರೆಂಚ್ ಭಾಷಾ ಪ್ರಮಾಣಪತ್ರದ ಡೆಲ್ಫ್ ಬಿ1 ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಅದರಲ್ಲಿ ವ್ಯಾಕರಣಕ್ಕೆಂದು ಪ್ರತ್ಯೇಕ ಪತ್ರಿಕೆ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ. ಒಟ್ಟು 100ಕ್ಕೆ 50 ಬಂದರೆ ಉತ್ತೀರ್ಣ, ಆದರೆ ಯಾವುದರಲ್ಲೂ ಐದಕ್ಕಿಂತ ಕಡಿಮೆ ಬರಬಾರದು. ಬರವಣಿಗೆಗೆ 45 ನಿಮಿಷ, ಕನಿಷ್ಠ 160 ಪದ. ಎಂಟನೇ ವಾರದಲ್ಲಿ ಇದೇ ಅಳತೆಯ ಮೂರು ಬರಹ ಬರೆಯಿರಿ: 33 ನಿಮಿಷ ಬರೆಯುವುದಕ್ಕೆ, 12 ನಿಮಿಷ ತಿದ್ದುವುದಕ್ಕೆ.

ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ, ಕಣ್ಣು ಜಾರುತ್ತದೆ. ಮೊದಲ ಸುತ್ತಿನಲ್ಲಿ ಕ್ರಿಯಾಪದಗಳನ್ನಷ್ಟೇ ನೋಡಿ: ಇತ್ತು, ಆಯಿತು, ಮುಂಚೆ. ಎರಡನೆಯದರಲ್ಲಿ ಎತ್ರ್, ಅವ್ವಾರ್ ಮತ್ತು ಕೃದಂತದ ಹೊಂದಿಕೆ. ಮೂರನೆಯದರಲ್ಲಿ ‘ಪಾ’, ‘ಬೋಕೂ’ ಕಂಡ ಕಡೆ ಬೇಕಾದಲ್ಲಿ ‘ದ’ ಬಂದಿದೆಯೇ ಎಂದು. ನಾಲ್ಕನೆಯದರಲ್ಲಿ ಸರ್ವನಾಮದ ಸ್ಥಾನ. ಐದನೆಯದನ್ನು ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಹಿಂದುಮುಂದಾಗಿ ಓದಿ, ಗುಣವಾಚಕಗಳ ‘ಇ’ ಮತ್ತು ‘ಎಸ್’ ಅಷ್ಟನ್ನೇ ಹುಡುಕಿ. ಅರ್ಥದ ಓಟ ನಿಂತುಹೋದಾಗ ಅಕ್ಷರಗಳು ತಾವಾಗಿ ಎದ್ದು ಕಾಣುತ್ತವೆ.